ತಣ್ಣಗಾದ ಬಿಸಿಕೋಣೆ

ಮೊಣಕಾಲಿನಿಂದ ಪಾದದವರೆಗೆ ಮೂಳೆ ಇರಬೇಕಾದ ಜಾಗದಲ್ಲಿ ಪೈಪು ಇತ್ತು.

ಮನೆಯ ನಲ್ಲಿಗೆ ಹಾಕುವ ಬೂದು ಬಣ್ಣದ ಪ್ಲಾಸ್ಟಿಕ್ ಪೈಪು. ಗರಗಸದಲ್ಲಿ ಅಳತೆಗೆ ಕೊಯ್ದು, ತುದಿ ಉಜ್ಜುವ ಗೋಜಿಗೂ ಹೋಗದೆ ತುರುಕಿ, ಮೇಲೆ ಚರ್ಮ ಹೊಲಿದಿದ್ದರು. ಹೊಲಿಗೆಯೂ ಗೋಣಿಚೀಲದ ಹೊಲಿಗೆ.

ಪೊಲೀಸ್ ಸರ್ಜನ್ ಅದನ್ನು ಚಿಮಟದಲ್ಲಿ ಎತ್ತಿ ಹಿಡಿದು ನೋಡಿದರು. ತಟ್ಟೆಯಲ್ಲಿಟ್ಟರು. ಶವಾಗಾರದಲ್ಲೇ ತಲೆ ನರೆಸಿಕೊಂಡವರು, ಕೊಯ್ಯುವಾಗ ಸಿನಿಮಾ ಕಥೆ ಹೇಳುವವರು. ಅವರ ಬಾಯಿ ಕಟ್ಟಿದ್ದನ್ನು ಇನ್‌ಸ್ಪೆಕ್ಟರಮ್ಮ ನೋಡಿದ್ದು ಇದೇ ಮೊದಲು.

"ಎದೆ ಬಿಚ್ಚಿ," ಎಂದರು ಇನ್‌ಸ್ಪೆಕ್ಟರಮ್ಮ.

ಎದೆಯೊಳಗೆ ಚಿಂದಿ ಇತ್ತು. ಯಂತ್ರದ ಎಣ್ಣೆ ಒರೆಸುವ ಬಟ್ಟೆಯ ಚೂರುಗಳು, ಉಂಡೆ ಕಟ್ಟಿ ಒತ್ತಿಟ್ಟವು. ಒಂದು ಚೂರಿನಲ್ಲಿ ಯಾರದೋ ಹಳೆಯ ಅಂಗಿಯ ಕಾಲರು ಹಾಗೇ ಉಳಿದಿತ್ತು. ಶ್ವಾಸಕೋಶ ಇರಲಿಲ್ಲ. ಯಕೃತ್ತೂ ಇರಲಿಲ್ಲ.

ಊರ ಹೊರಗಿನ ಪ್ಲುಟೋನಿಯಂ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ, ಜೊತೆಯವರು ಆನೆ ಎಂದೇ ಕರೆಯುತ್ತಿದ್ದ ಆ ದೊಡ್ಡ ಆಳು ಕೆಮ್ಮಿ ಕೆಮ್ಮಿ ಸತ್ತು ಮಣ್ಣಾದ ಮೇಲೆ, ಅವನ ಹೆಂಡತಿ ಠಾಣೆಗೆ ಬಂದು ಹೇಳಿದ್ದು ಒಂದೇ ಮಾತು: ಪೆಟ್ಟಿಗೆ ಹಗುರ ಇತ್ತು.

ಆ ಮಾತು ಹಿಡಿದುಕೊಂಡೇ ನ್ಯಾಯಾಧೀಶರಿಂದ ಅಪ್ಪಣೆ ತಂದು ಇವತ್ತು ಬೆಳಗ್ಗೆ ಪೆಟ್ಟಿಗೆ ಮೇಲೆತ್ತಿಸಿದ್ದಾಗಿತ್ತು. ಕಾರ್ಖಾನೆಯವರು ಅದಕ್ಕೆ ಸುತ್ತಲೂ ಬೆಸುಗೆ ಹಾಕಿದ್ದರು. ಮೈಯಲ್ಲಿ ವಿಷ ಇದೆ, ತೆರೆದರೆ ಅಪಾಯ ಎಂದಿದ್ದರು.

"ವಿಷ ಕೂತಿರೋ ಭಾಗ ಎಲ್ಲ ಇವರೇ ಎತ್ಕೊಂಡಿದಾರೆ," ಎಂದರು ಸರ್ಜನ್, ಕೊನೆಗೂ. "ಮೂಳೆ, ಶ್ವಾಸಕೋಶ, ಯಕೃತ್ತು. ಈ ಪ್ಲುಟೋನಿಯಂ ಮೈಗೆ ಸೇರಿದ್ರೆ ಅಲ್ಲೇ ಗೂಡು ಕಟ್ಟೋದು. ಉಳಿದಿರೋದು ಬರೀ ಸಿಪ್ಪೆ ಮೇಡಂ."

ಇನ್‌ಸ್ಪೆಕ್ಟರಮ್ಮ ಹೊರಗಿನ ತೊಟ್ಟಿಗೆ ಹೋಗಿ ಕೈ ತೊಳೆದರು. ಒಳಗೆ ಏನನ್ನೂ ಮುಟ್ಟಿರಲಿಲ್ಲ. ಆದರೂ ಸೋಪು ಹಚ್ಚಿ ಇನ್ನೊಮ್ಮೆ ತೊಳೆದರು. ಹೆಣ ನೋಡಿ ಪಳಗಿದವರು. ಈಗ ತೊಳೆಯುತ್ತಿದ್ದುದೂ ಹೆಣಕ್ಕೆ ಹೇಸಿ ಅಲ್ಲ. ಆ ಅಂಗಿಯ ಕಾಲರಿಗೆ.

*

ಶವಾಗಾರದ ಹೊರಗಿನ ಉದ್ದ ಬೆಂಚಿನ ಮೇಲೆ ಆನೆಯ ಹೆಂಡತಿ ಕೂತಿದ್ದಳು. ಅವಳ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಅವಳ ಅಣ್ಣ. ಅವನು ಅದೇ ಕಾರ್ಖಾನೆಯ ಫೋರ್‌ಮನ್. ತಂಗಿಯ ಗಂಡನಿಗೆ ಕೆಲಸ ಕೊಡಿಸಿದವನೂ ಅವನೇ, ಮೇಲೆ ನಿಂತು ದುಡಿಸಿದವನೂ ಅವನೇ.

"ಮುಗೀತಾ ಮೇಡಂ?" ಎಂದು ಎದ್ದು ನಿಂತ. "ಮಲಗಿದ್ದೋರನ್ನ ಎಬ್ಬಿಸಿ ಏನು ಸಿಕ್ತು?"

"ಸಿಗಬೇಕಾದ್ದು ಸಿಗಲಿಲ್ಲ. ನೀವು ನಿಮ್ಮ ವ್ಯಾನು ಬಾಗಿಲ ಹತ್ರ ತನ್ನಿ ಫೋರ್‌ಮನ್ನರೇ. ಇವರಿಗೆ ನಡೆಯೋಕೆ ಆಗಲ್ಲ."

"ನಡೀತಾಳೆ, ಗಟ್ಟಿಗಿತ್ತಿ ನನ್ನ ತಂಗಿ."

"ವ್ಯಾನು ತನ್ನಿ," ಎಂದರು ಇನ್‌ಸ್ಪೆಕ್ಟರಮ್ಮ ಅದೇ ದನಿಯಲ್ಲಿ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವ ಈ ಅಭ್ಯಾಸಕ್ಕೇ ಠಾಣೆಯವರು ಬೆನ್ನ ಹಿಂದೆ ಅವರನ್ನು ಅತ್ತೆ ಅನ್ನುತ್ತಿದ್ದದ್ದು. ಫೋರ್‌ಮನ್ ಹೋದ. ಹೋಗುವಾಗ ತಿರುಗಿ ನೋಡಿದ.

ಅವಳು ಕೇಳುವ ಮೊದಲೇ ಇನ್‌ಸ್ಪೆಕ್ಟರಮ್ಮ ಪಕ್ಕದಲ್ಲಿ ಕೂತು ಹೇಳಿಬಿಟ್ಟರು. ಇಂಥದ್ದನ್ನು ಮೆತ್ತಗೆ ಹೇಳುವ ದಾರಿ ಅವರಿಗೆ ತಿಳಿದಿರಲಿಲ್ಲ.

"ಯಾವ ಪೈಪು?" ಎಂದಳು ಅವಳು.

"ನಲ್ಲಿಗೆ ಹಾಕೋದು."

ಅವಳಿಗೆ ನಗು ಬಂತು. ನಿಲ್ಲಿಸಲು ಬಾಯಿಗೆ ಕೈ ಅಡ್ಡ ಹಿಡಿದಳು. ನಗು ಬೆರಳಿನ ಸಂದಿಯಿಂದ ಬರುತ್ತಲೇ ಇತ್ತು, ಆಮೇಲೆ ಬಿಕ್ಕಳಿಕೆಯಾಯಿತು.

"ಆ ಕಾಲು ದಿನಾ ಒತ್ತಿದೀನಿ ಅಕ್ಕಾ," ಎಂದಳು. ಮೇಡಂ ಅನ್ನುತ್ತಿದ್ದವಳು ಅಕ್ಕಾ ಎಂದಿದ್ದು ಅವಳಿಗೇ ಗೊತ್ತಾಗಲಿಲ್ಲ. "ಕೊನೇಲಿ ಮೂಳೆ ಮೂಳೇನೂ ನೋಯುತ್ತೆ ಅನ್ನೋರು. ಮೂಳೆ ಚರ್ಮ ಆಗ್ಬಿಟ್ಟೆ ಅಂತ ತಾವೇ ತಮಾಷೆ ಮಾಡೋರು. ಆ ಮೂಳೇನೂ ಬಿಡಲಿಲ್ವಲ್ಲ."

ಇನ್‌ಸ್ಪೆಕ್ಟರಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟರು. ಬಿಕ್ಕಳಿಕೆ ನಿಂತ ಮೇಲೆ ಕೇಳಿದರು. "ಕಾಯಿಲೆ ಬೀಳೋ ಮುಂಚೆ ಕೆಲಸದ ಬಗ್ಗೆ ಏನಾದ್ರೂ ಅಂದಿದ್ರಾ?"

"ಕೆಲಸದ ಮಾತು ಮನೇಲಿ ಆಡಬಾರದು ಅಂತ ಅವರಿಗೆ. ಆದ್ರೂ ಬಿಸಿಕೋಣೆ ವಿಷಯ ಆಡೋರು."

"ಬಿಸಿಕೋಣೆ?"

"ಅವರು ಕೆಲಸ ಮಾಡ್ತಿದ್ದ ಕೋಣೆ. ಗಾಜಿನ ಪೆಟ್ಟಿಗೆ ಇರುತ್ತಂತೆ, ಅದಕ್ಕೇ ಅಂಟಿಸಿರೋ ರಬ್ಬರ್ ಗವಸಿನೊಳಗೆ ಕೈ ತೂರಿಸಿ ಗುಳಿಗೆ ಮಾಡೋದು. ಆಕಾಶಕ್ಕೆ ಹೋಗೋ ನೌಕೆಗೆ. ಆ ಗುಳಿಗೆ ಯಾವತ್ತೂ ಬಿಸಿ, ಬೆಂಕಿ ಇಲ್ಲ, ಕರೆಂಟಿಲ್ಲ, ಹಾಗೇ ಬಿಸಿ. ಚಳೀಲಿ ಎಲ್ಲರೂ ಆ ಕೋಣೇಗೇ ಹಾಕ್ಸಿ ಅಂತ ಜಗಳ ಆಡೋರಂತೆ. ಇವರು ಮನೆಗೆ ಬಂದು ನನ್ನ ಕೆನ್ನೆಗೆ ಕೈ ಹಚ್ಚಿ, ನೋಡು, ಸೂರ್ಯ ಇಲ್ಲದ ಕಡೆ ಹೋಗೋ ಒಲೆ ಮುಟ್ಟಿ ಬಂದಿದೀನಿ ಅನ್ನೋರು."

ಅವಳು ಮೂಗು ಒರೆಸಿಕೊಂಡಳು.

"ಆಮೇಲೊಂದು ದಿನ, ಬಿಸಿಕೋಣೆ ತಣ್ಣಗಾಗಿದೆ ಕಣೆ ಅಂದ್ರು. ಪುಡಿ ಅದೇ ಥರ, ಕೆಲಸ ಬೇರೆ ಥರ, ಗವಸಿಗೆ ಬಿಸಿನೇ ತಾಗಲ್ಲ, ಇವರು ನನ್ನ ಕೈಲಿ ಏನು ಮಾಡಿಸ್ತಿದಾರೆ ಅಂತ ನಿಮ್ಮಣ್ಣನ್ನ ಕೇಳ್ತೀನಿ ಅಂದ್ರು."

"ಕೇಳಿದ್ರಾ?"

"ಕೇಳಿದ್ರು. ಅವತ್ತಿಂದ ಇಬ್ಬರೂ ಒಂದೇ ಕಡೆ ಕೂತು ಉಣ್ಣಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ಗವಸು ಹರೀತು, ಗಾಳೀಲಿ ಪುಡಿ ಬಂತು, ಇವರು ಅದನ್ನ ಎಳ್ಕೊಂಡ್ರು ಅಂತ ಅಣ್ಣನೇ ಬಂದು ಹೇಳಿದ."

ಹೊರಗೆ ವ್ಯಾನಿನ ಹಾರನ್ನು ಒಮ್ಮೆ ಕೂಗಿತು.

*

ಕಾರ್ಖಾನೆಯ ಗೇಟಿನಿಂದ ವೈದ್ಯರ ಕೋಣೆಯವರೆಗಿನ ಗೋಡೆಯ ತುಂಬ ಬಣ್ಣದ ಚಿತ್ರಗಳು. ಕಪ್ಪು ಆಕಾಶದಲ್ಲಿ ತೇಲುವ ನೌಕೆ. ಉಂಗುರ ತೊಟ್ಟ ಗ್ರಹ. ಕೆಳಗೆ, ಶಾಲೆಯ ಮಕ್ಕಳು ಕೈಬೀಸುವ ಫೋಟೋ. ನೆಲದ ಮೇಲೆ ಹಳದಿ ಗೆರೆ ಎಳೆದು ಅದರಾಚೆ ಹೋಗಬಾರದೆಂದು ಬರೆದಿದ್ದರು. ನೆಲ ಎಷ್ಟು ಸ್ವಚ್ಛವಾಗಿತ್ತೆಂದರೆ ಇನ್‌ಸ್ಪೆಕ್ಟರಮ್ಮನಿಗೆ ತಮ್ಮ ಚಪ್ಪಲಿಯ ಮೇಲೇ ಅನುಮಾನ ಬಂತು.

ಡಾಕ್ಟರು ಮೊಟ್ಟೆ ಸುಲಿಯುತ್ತಿದ್ದರು.

ನಲವತ್ತರ ಆಸುಪಾಸು. ತೆಳ್ಳಗೆ, ಶುಭ್ರವಾಗಿ, ಉಗುರನ್ನು ಚೆಂದಕ್ಕೆ ಕತ್ತರಿಸಿಕೊಂಡಿದ್ದವರು. ಮೇಜಿನ ಮೇಲೆ ಊಟದ ಡಬ್ಬಿ, ಉಪ್ಪಿನ ಪೊಟ್ಟಣ, ಬ್ರೆಡ್ಡು. ಕೋಣೆಯಲ್ಲಿ ಹೆಣ ಕೆಡದಂತಿಡುವ ಫಾರ್ಮಲಿನ್ನಿನ ವಾಸನೆ ಮೂಗಿಗೆ ಸೂಜಿ ಚುಚ್ಚಿದ ಹಾಗಿತ್ತು. ಅದರೊಳಗೆ ಬೆಂದ ಮೊಟ್ಟೆಯ ವಾಸನೆಯೂ ಕಲೆತಿತ್ತು.

"ಊಟದ ಹೊತ್ತಿಗೆ ಸರಿಯಾಗಿ ಬಂದ್ರಿ. ಒಂದು ತಗೊಳ್ತೀರಾ?"

"ಪೈಪು ಹಾಕಿದ್ದು ಯಾರು?"

"ಓ, ತೆಗೆದು ನೋಡಿದ್ರಾ?" ಅವರು ಮೊಟ್ಟೆಗೆ ಉಪ್ಪು ಉದುರಿಸಿದರು. "ನಮ್ಮ ಪ್ಲಂಬರ್ ಕೊಟ್ಟ. ಮೂಳೆ ತೆಗೆದ್ರೆ ಕಾಲು ಜೋಲಿಬೀಳುತ್ತೆ ಮೇಡಂ. ಮನೆಯವರು ನೋಡಿದ್ರೆ ಬೇಜಾರಾಗುತ್ತೆ ಅಂತ."

"ಪೆಟ್ಟಿಗೆಗೆ ಬೆಸುಗೆ ಹಾಕಿದ್ರಿ. ಮನೆಯವರು ನೋಡೋದು ಹೇಗೆ?"

"ಅಕಸ್ಮಾತ್." ಅವರು ಕಚ್ಚಿದರು. ಹಳದಿ ಪುಡಿ ತುಟಿಗೆ ಹತ್ತಿತು.

"ತೆಗೆದಿದ್ದೆಲ್ಲ ಎಲ್ಲಿದೆ?"

ಕಚ್ಚಿದ ಮೊಟ್ಟೆಯಲ್ಲೇ ಅವರು ಇನ್‌ಸ್ಪೆಕ್ಟರಮ್ಮನ ಬೆನ್ನ ಹಿಂದೆ ತೋರಿಸಿದರು.

ಗೋಡೆಯುದ್ದಕ್ಕೂ ಕಪಾಟು. ಕಪಾಟಿನಲ್ಲಿ ಗಾಜಿನ ಜಾಡಿಗಳು, ಹೆಸರಿಲ್ಲ, ಬರೀ ಸಂಖ್ಯೆ. ಒಂದೊಂದರಲ್ಲಿ ಒಂದೊಂದು ಬಣ್ಣ: ಬೂದು, ಕಂದು, ಹಳಸಿದ ಹಾಲಿನ ಬಿಳುಪು. ಈ ಊರಿನಲ್ಲಿ ಸತ್ತ ಕೆಲಸಗಾರರೆಲ್ಲ ಇಲ್ಲಿ ತುಂಡು ತುಂಡಾಗಿ ಕೂತಿದ್ದರು. ಎಷ್ಟು ಪೆಟ್ಟಿಗೆಗಳು ಹಗುರವಾಗಿ ಮಣ್ಣಿಗೆ ಇಳಿದಿದ್ದವೋ.

"ಮೂಳೆ, ಯಕೃತ್ತು ಸುಟ್ಟು ಬೂದಿ ಮಾಡಿ ಅಳೀತೀವಿ. ಅದು ಉಳಿಯಲ್ಲ," ಎಂದರು ಡಾಕ್ಟರು, ಮನೆ ತೋರಿಸುವವರ ಉತ್ಸಾಹದಲ್ಲಿ. "ಎದೆ ಮಾತ್ರ, ಅಂದ್ರೆ ಶ್ವಾಸಕೋಶ, ಇಟ್ಟಿದೀನಿ. ನಿಮ್ಮವನದ್ದು ಮಧ್ಯದ್ದು, ದೊಡ್ಡ ಜಾಡಿ. ಬಹಳ ಒಳ್ಳೇ ಎದೆ. ಇಷ್ಟು ಪುಡಿ ಎಳ್ಕೊಂಡ ಎದೆ ನಮಗೆ ಸಿಕ್ಕಿರಲೇ ಇಲ್ಲ. ಎಲ್ಲಿಂದಲೋ ಬಂದು ನೋಡಿಕೊಂಡು ಹೋಗ್ತಾರೆ."

ಮಧ್ಯದ ಜಾಡಿಯಲ್ಲಿ ಒದ್ದೆ ಸ್ಪಂಜಿನಂಥದ್ದೊಂದು ತೇಲುತ್ತಿತ್ತು. ಒಂದು ಮೂಲೆಯನ್ನು ಚೌಕವಾಗಿ ಕತ್ತರಿಸಿ ತೆಗೆದಿದ್ದರು, ಕೇಕಿನ ಹಾಗೆ.

"ಯಾರನ್ನ ಕೇಳಿ ತೆಗೆದ್ರಿ?"

"ಹೆಂಡತಿ ಅಣ್ಣನ್ನ. ತಿಳುವಳಿಕೆ ಇರೋ ಮನುಷ್ಯ. ಒಂದು ಮಾತು ಕೇಳಿದೆ, ಬೇಕಾದ್ದು ತಗೊಳ್ಳಿ ಸಾರ್, ಹೆಣ್ಣುಮಕ್ಕಳಿಗೆ ಹೇಳೋದೇನಿದೆ ಅಂದ."

"ಆಗ ಅವಳು ಇಲ್ಲೇ ಹೊರಗೆ ಕೂತು ಹೆಣಕ್ಕೆ ಕಾಯ್ತಾ ಇದ್ಲು."

"ಅದಕ್ಕೇ ಬೇಗ ಮುಗಿಸಿದ್ವಿ."

ಇನ್‌ಸ್ಪೆಕ್ಟರಮ್ಮ ಕುರ್ಚಿ ಎಳೆದು ಕೂತರು. ಸಿಟ್ಟು ಬಂದರೆ ಅವರ ದನಿ ತಗ್ಗುತ್ತಿತ್ತು. ಈಗ ಅದು ಪಿಸುಮಾತಿನ ಹತ್ತಿರಕ್ಕೆ ಬಂದಿತ್ತು.

"ಆ ಎದೇಲಿರೋ ಪುಡಿ ಯಾವ ಥರದ್ದು ಡಾಕ್ಟರೇ?"

"ಪ್ಲುಟೋನಿಯಂ. ಇನ್ನೇನಿರುತ್ತೆ?"

"ಅದರಲ್ಲಿ ಎರಡು ಥರ ಅಂತ ಕೇಳಿದೀನಿ."

"ಓದ್ಕೊಂಡೇ ಬಂದಿದೀರಿ." ಅವರಿಗೆ ಖುಷಿಯಾಯಿತು. ಇನ್ನೊಂದು ಮೊಟ್ಟೆ ತೆಗೆದು ಮೇಜಿಗೆ ಕುಟ್ಟಿದರು. "ಇನ್ನೂ ಇವೆ. ಆದ್ರೆ ಮುಖ್ಯವಾಗಿ ಇಬ್ಬರು ಅಕ್ಕತಂಗಿಯರು ಅಂದ್ಕೊಳ್ಳಿ. ಒಬ್ಬಳು ಸಿಡುಕಿ, ಸದಾ ಮೈಕಾವು. ಅವಳ ಕಾವಿನಿಂದ ಕರೆಂಟ್ ತೆಗೆದು, ಬಿಸಿಲು ಎಟುಕದ ಕಡೆ ಹೋಗೋ ನೌಕೆ ನಡೆಸ್ತೀವಿ. ಬಾಂಬಿಗೆ ಅವಳು ಬೇಡ, ಆ ಬಿಸಿ ಕಟ್ಕೊಂಡು ಯಾರು ಏಗ್ತಾರೆ? ಇನ್ನೊಬ್ಬಳು ಸಾಧು, ತಣ್ಣಗೆ ಕೂತಿರ್ತಾಳೆ. ಬಾಂಬಿಗೆ ಅವಳೇ."

"ಈ ಕಾರ್ಖಾನೇಲಿ ಯಾರನ್ನ ಸಾಕಿದೀರಿ?"

"ಗೋಡೆ ಮೇಲಿನ ಚಿತ್ರ ನೋಡಲಿಲ್ವಾ? ನಾವು ಆಕಾಶದವರು."

"ಆ ಎದೇಲಿ ಯಾರಿದಾಳೆ?"

ಡಾಕ್ಟರ ಬೆರಳು ಮೊಟ್ಟೆಯ ಸಿಪ್ಪೆಯ ಮೇಲೆ ನಿಂತಿತು.

"ಅಷ್ಟು ವಿವರ ನಾವು ನೋಡಲ್ಲ," ಎಂದರು.

"ಹಾಗಾದ್ರೆ ನಿಮ್ಮ ಯಂತ್ರಕ್ಕೆ ಅದು ಗೊತ್ತಾಗಲ್ಲ ಅನ್ನಿ. ಇಷ್ಟೆಲ್ಲ ಜಾಡಿ ಜೋಡಿಸಿಟ್ಟುಕೊಂಡು, ಒಳಗಿರೋದೇನು ಅಂತ ಡಾಕ್ಟರಿಗೇ ಗೊತ್ತಿಲ್ಲ ಅಂತ ಮೇಲಿನವರಿಗೆ ಹೇಳ್ತೀನಿ."

"ನನ್ನ ಯಂತ್ರದಲ್ಲಿ ಕೂದಲೆಳೆ ವ್ಯತ್ಯಾಸಾನೂ ಕಾಣುತ್ತೆ," ಎಂದರು ಡಾಕ್ಟರು ತಟ್ಟನೆ. ಆಮೇಲೆ ತುಟಿ ಒರೆಸಿಕೊಂಡರು. ಜಾರಿದ್ದು ಅವರಿಗೂ ಗೊತ್ತಾಯಿತು. "ತಣ್ಣಗಿರೋಳು. ಪೂರ್ತಿ ಅವಳೇ. ಇನ್ನೊಬ್ಬಳ ಸುಳಿವೇ ಇಲ್ಲ."

ಅಂದರೆ ಆನೆ ಹೇಳಿದ್ದು ನಿಜ. ಮಕ್ಕಳು ಕೈಬೀಸಿ ಹೋಗುವ ಕಾರ್ಖಾನೆಯಲ್ಲಿ, ನೌಕೆಯ ಚಿತ್ರದ ಹಿಂದೆ, ಯಾರಿಗೂ ಹೇಳದೆ ಬಾಂಬಿನ ತಿರುಳು ತಯಾರಾಗುತ್ತಿತ್ತು. ತಪಾಸಣೆಯವರು ಬಾಂಬಿನ ಕಾರ್ಖಾನೆಗೆ ಹೋಗುತ್ತಾರೆ. ಆಕಾಶದ ಕಾರ್ಖಾನೆಗೆ ಹೂಗುಚ್ಛ ಬರುತ್ತದೆ.

"ಹರಿದ ಗವಸು ಏನಾಯ್ತು?"

"ಫೋರ್‌ಮನ್ ಸುಡೋಕೆ ಕಳಿಸಿದ್ದ." ಡಾಕ್ಟರು ಕೈ ಒರೆಸಿಕೊಂಡರು. ಪೊಲೀಸರ ಸಿಟ್ಟನ್ನು ಬೇರೆ ಕಡೆ ತಿರುಗಿಸುವ ದಾರಿ ಕಂಡಿರಬೇಕು. "ನಾನು ಏನನ್ನೂ ಬಿಸಾಡೋನಲ್ಲ."

ಊಟದ ಮೇಜಿನ ಕೆಳಗಿನ ಖಾನೆಯನ್ನೇ ಎಳೆದರು. ದಪ್ಪ ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು ಚೀಲ, ಅದರೊಳಗೆ ತೋಳುದ್ದದ ಕಪ್ಪು ರಬ್ಬರ್ ಗವಸು. ಚೀಲ ಬಿಚ್ಚದೆ, ಹೊರಗಿನಿಂದಲೇ ಅದರ ಬೆರಳುಗಳನ್ನು ಅಗಲಿಸಿ ತೋರಿಸಿದರು.

ನಡುಬೆರಳು ಮತ್ತು ಉಂಗುರಬೆರಳಿನ ಸಂದಿಯಲ್ಲಿ ಒಂದು ಸೀಳು. ಬೆರಳು ಅಗಲಿಸದಿದ್ದರೆ ಕಾಣುವಂತಿರಲಿಲ್ಲ. ಸವೆದ ರಬ್ಬರು ಬೆಳ್ಳಗಾಗಿ, ಅಂಚು ಎಳೆ ಎಳೆಯಾಗಿ ಹರಿಯುತ್ತದೆ. ಇದು ಅಂಗಿಯ ಗುಂಡಿತೂತಿನ ಹಾಗೆ ನೆಟ್ಟಗಿತ್ತು, ಅಂಚು ಚೊಕ್ಕಟವಾಗಿತ್ತು.

"ಬ್ಲೇಡು," ಎಂದರು ಇನ್‌ಸ್ಪೆಕ್ಟರಮ್ಮ.

"ನನಗೂ ಹಾಗೇ ಅನ್ನಿಸ್ತು."

"ಯಾವಾಗ ಅನ್ನಿಸ್ತು?"

"ಮೊದಲನೇ ದಿನಾನೇ."

"ಅವನು ಆಗ ಬದುಕಿದ್ದ."

"ನಾನು ಡಾಕ್ಟರು ಮೇಡಂ. ಪೊಲೀಸ್ ಅಲ್ಲ."

"ಕೊಲೆ ಅಂತ ಗೊತ್ತಿದ್ದೂ ಅವನು ಸಾಯೋದನ್ನ ಕಾದು, ಎದೆ ಕೊಯ್ಕೊಂಡ್ರಿ."

"ಕೊಲೆಯಾದ್ರೇನು," ಎಂದರು ಡಾಕ್ಟರು, ನಿಜಕ್ಕೂ ಅರ್ಥವಾಗದವರಂತೆ. "ಎದೆ ಎದೇನೇ ಅಲ್ವಾ?"

ಆ ಕ್ಷಣಕ್ಕೆ ಇನ್‌ಸ್ಪೆಕ್ಟರಮ್ಮನಿಗೆ ಅವರ ಕಪಾಳಕ್ಕೆ ಬಾರಿಸಬೇಕೆನಿಸಿತು. ಕೈ ಎತ್ತಲಿಲ್ಲ. ಕಾನೂನಿಗೆ ಹೆದರಿ ಅಲ್ಲ. ಆ ನುಣುಪಾದ ಕೆನ್ನೆಯನ್ನು ಮುಟ್ಟುವ ಮನಸ್ಸಾಗಲಿಲ್ಲ.

"ಈ ಚೀಲ ನನಗೆ ಬೇಕು. ಕಪಾಟಿಗೆ ಬೀಗ ಹಾಕಿ ಕೀಲಿ ಕೊಡಿ. ನೀವು ಊರು ಬಿಡೋ ಹಾಗಿಲ್ಲ."

ಡಾಕ್ಟರು ಮೊದಲ ಬಾರಿಗೆ ಬೆವೆತರು. ಎದ್ದು ಕಪಾಟಿನ ಬಳಿ ಹೋಗಿ, ಕೊನೆಯಲ್ಲಿದ್ದ ಜಾಡಿಯೊಂದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ತೊಳೆದು ಒರೆಸಿದ, ಖಾಲಿ ಜಾಡಿ.

"ಬೀಗ ಹಾಕಿ, ಬೇಡ ಅನ್ನಲ್ಲ. ಆದ್ರೆ ಇದೊಂದನ್ನ ಹೊರಗೆ ಬಿಡಿ. ಮುಂದೆ ಬೇಕಾಗುತ್ತೆ."

"ಯಾರಿಗೆ?"

"ಅವನ ಹೆಂಡತಿಗೆ."

ಇನ್‌ಸ್ಪೆಕ್ಟರಮ್ಮ ಎದ್ದು ನಿಂತರು.

"ಕೆಲಸಗಾರರ ಮನೆಯವರಿಗೆ ಉಚಿತ ತಪಾಸಣೆ ಅಂತ ಮಾಡ್ತೀವಲ್ಲ," ಎಂದರು ಡಾಕ್ಟರು. "ಮೂತ್ರ ತರಿಸಿ ನೋಡ್ತೀವಿ. ಬಟ್ಟೇಲಿ ಸ್ವಲ್ಪ ಪುಡಿ ಮನೆಗೆ ಹೋಗೇ ಹೋಗುತ್ತೆ. ಗಂಡ ಹೋದ್ಮೇಲೆ ತರೋರು ಯಾರೂ ಇಲ್ಲ, ಅವಳ ಮೂತ್ರದಲ್ಲಿ ಅದು ಇಳೀಬೇಕಿತ್ತು. ಪ್ರತಿ ಸಲ ನೋಡಿದಾಗಲೂ ಏರ್ತಾನೇ ಇದೆ. ಬಹಳ ಸ್ವಾರಸ್ಯದ ಕೇಸು."

"ಅವಳಿಗೆ ಹೇಳಿದ್ರಾ?"

"ಸುಮ್ನೆ ಗಾಬರಿ ಆಗ್ತಾರೆ."

ಏರುತ್ತಿದೆ ಅಂದರೆ ಆ ಪುಡಿ ಇನ್ನೂ ಆ ಮನೆಯಲ್ಲೇ ಇದೆ. ಕೈಗೆ ಸಾಕ್ಷಿ ಸಿಗದೆ ಹೆಂಡತಿಯ ಅಣ್ಣನ ಎದುರು ನಿಲ್ಲುವ ಮನುಷ್ಯನಲ್ಲ ಆನೆ. ತಣ್ಣಗಿನ ಪುಡಿಯನ್ನು ಚಿಟಿಕೆಯಷ್ಟು ಹೇಗೋ ಹೊರಗೆ ತಂದು, ಮನೆಯಲ್ಲಿ ಎಲ್ಲೋ ಬಚ್ಚಿಟ್ಟು ಸತ್ತಿದ್ದಾನೆ. ಹೆಂಡತಿಗೆ ತೊಂದರೆಯಾಗಬಾರದೆಂದು ಅವಳಿಗೆ ಹೇಳದೆ. ಅದು ಸೋರುತ್ತಿದೆ, ಅವಳು ಅದನ್ನೇ ಉಸಿರಾಡುತ್ತಿದ್ದಾಳೆ.

"ಇದನ್ನ ಬೇರೆ ಯಾರಿಗಾದ್ರೂ ಹೇಳಿದೀರಾ?"

"ನಿನ್ನೆ ಫೋರ್‌ಮನ್ ಬಂದಿದ್ದ. ತಂಗಿ ರಿಸಲ್ಟ್ ಏನಾಯ್ತು ಅಂತ ಕೇಳಿದ, ಪಾಪ. ಮನೇಲಿ ಏನೋ ಇರಬೇಕು ನೋಡಪ್ಪ ಅಂದೆ."

ಇನ್‌ಸ್ಪೆಕ್ಟರಮ್ಮ ಮೇಜಿನ ಮೇಲಿದ್ದ ಫೋನು ಎಳೆದುಕೊಂಡರು. ರಿಸೀವರಿಗೂ ಮೊಟ್ಟೆಯ ವಾಸನೆ ಹತ್ತಿತ್ತು. ಅದನ್ನೇ ಕಿವಿಗೆ ಒತ್ತಿಕೊಂಡು ಅವಳ ಮನೆಗೆ ಫೋನು ಮಾಡಿದರು. ತುಂಬ ಹೊತ್ತು ಬಡಿದುಕೊಂಡ ಮೇಲೆ ಎತ್ತಿದಳು, ಹಲೋ ಎನ್ನುತ್ತಲೇ ದನಿ ಗುರುತು ಹಿಡಿದಳು.

"ಅಕ್ಕಾ? ಈಗ ತಾನೇ ಮಲಗೋಣ ಅಂತಿದ್ದೆ, ಇವನು ಬಿಡಲ್ಲ."

"ನಿಮ್ಮಣ್ಣ ಅಲ್ಲೇ ಇದಾನಾ?"

"ಇದಾನೆ. ಬಂದಾಗಿಂದ ಮನೆ ಗುಡಿಸ್ತೀನಿ ಅಂತ ಕೂತಿದಾನೆ. ಇವರ ಬಟ್ಟೆಬರೆ, ಹಾಸಿಗೆ, ಎಲ್ಲ ಕಿತ್ತು ಹಾಕಿದಾನೆ. ಈಗ ಅಡುಗೆಮನೆ ಅಟ್ಟ ಹತ್ತಿದಾನೆ." ಅವಳು ಕೆಮ್ಮಿದಳು. "ಮನೆಯೆಲ್ಲ ಧೂಳು."

"ನನ್ನ ಮಾತು ಕೇಳಿ. ಏನನ್ನೂ ಮುಟ್ಟಬೇಡಿ. ಹಾಗೇ ಬಾಗಿಲು ತೆಗೆದು ಆಚೆ ಬನ್ನಿ."

"ಏನಂದ್ರಿ? ಇರಿ, ಅವನು ಬೇರೆ ಏನೋ ಕೂಗ್ತಿದಾನೆ, ಒಂದೂ ತಿಳಿಯಲ್ಲ. ಮುಖಕ್ಕೆ ಆ ಕಾರ್ಖಾನೆ ಮುಖವಾಡ ಹಾಕ್ಕೊಂಡಿದಾನಲ್ಲ, ಉಸಿರಾಡೋದು."

"ನಿಮಗೆ ಕೊಟ್ಟಿದಾನಾ?"

"ನನಗೂ ಒಂದು ಕೊಡೋ ಅಂದೆ. ದಿನಾ ಇಲ್ಲೇ ಇರೋಳು, ನಿನಗ್ಯಾಕೆ ಅಂದ." ಹಿಂದಿನಿಂದ ಏಣಿ ಕಿರುಗುಟ್ಟಿತು. "ಏನೋ ಸಿಕ್ತಂತೆ ಅಕ್ಕಾ. ಕೆಳಗೆ ನಿಂತು ಕೈಯೊಡ್ಡು ಅಂತಿದಾನೆ. ಇಸ್ಕೊಂಡು ಬಂದೆ, ಇಡಬೇಡಿ."

"ಹೋಗಬೇಡಿ," ಎಂದು ಇನ್‌ಸ್ಪೆಕ್ಟರಮ್ಮ ಕೂಗಿದರು. ಆ ಹೊತ್ತಿಗೆ ರಿಸೀವರು ಮೇಜಿನ ಮೇಲೆ ಕೂತ ಸದ್ದು ಬಂತು. ಆಮೇಲೆ ಹೆಜ್ಜೆಗಳು ದೂರವಾದವು.

ತುಂಬ ದೂರದಿಂದ, ಬಾವಿಯೊಳಗಿನಿಂದ ಬಂದಂತೆ, ಅವಳ ದನಿ ಕೇಳಿಸಿತು.

"ಇಷ್ಟು ಚಿಕ್ಕ ಡಬ್ಬೀನಾ? ಕೊಡು. ಅಣ್ಣಾ, ಮುಚ್ಚಳ ಯಾಕೆ ತೆಗೀತಿದೀಯ?"